ಬರೀ ಬಳಕೆದಾರಳು

ಗಜನಿ ಸಂಘದ ಹಳೇ ಕಂಪ್ಯೂಟರಿಗೆ ಮರುಹುಟ್ಟು ಕೊಡಲು
ಕುಮಟೆಯಿಂದ ಹುಡುಗರು ಬಂದಿದ್ದರು, ಬೈಕಿನಲ್ಲಿ,
ಜೇಬಲ್ಲೊಂದು ಪೆನ್‌ಡ್ರೈವು.
ಕಾಸು ಕೊಡಬೇಕಿಲ್ಲ, ಕದಿಯಬೇಕಿಲ್ಲ,
ಇದು ಎಲ್ಲರದ್ದು ಅಕ್ಕಾ, ಎಂದರು.

ಎಲ್ಲರದ್ದು ಅಂದರೆ ಏನೆಂದು ನನಗೆ ಗೊತ್ತು.
ಅಘನಾಶಿನಿಯ ಬಳಚು ಎಲ್ಲರದ್ದು.
ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ
ಕಾಲ್ಬೆರಳಿಂದ ತಡಕಿ ಎತ್ತಿದವರದ್ದು,
ಎತ್ತಲಾಗದೆ ದಂಡೆಯಲ್ಲಿ ಕೂತ
ಗಣಪಿ ಅಜ್ಜಿಗೂ ಒಂದು ಬೊಗಸೆ.
ನಿನಗೆ ಮುಳುಗಲು ಬರುತ್ತದೋ ಎಂದು
ಅವಳನ್ನು ಯಾರೂ ಕೇಳಿದ್ದಿಲ್ಲ.

ಆರು ತಿಂಗಳು ಚೆನ್ನಾಗಿಯೇ ನಡೆಯಿತು.
ಕಗ್ಗದ ಲೆಕ್ಕ, ಸೀಗಡಿ ಗುತ್ತಿಗೆಯ ಪಾಲು,
ಕಟ್ಟೆ ರಿಪೇರಿಯ ಕೂಲಿ.
ಆಮೇಲೊಂದು ಬೆಳಿಗ್ಗೆ ಏನೋ ಅಪ್‌ಡೇಟ್ ಆಗಿ
ಒತ್ತಕ್ಷರಗಳೆಲ್ಲ ಕಳಚಿಬಿದ್ದವು.
ಬೊಮ್ಮಯ್ಯ ಗೌಡ ರಶೀದಿಯ ಮೇಲೆ
ಬೊಮ್‌ಮಯ್‌ಯ ಆಗಿ ಬಂದ,
ಅರ್ಧ ತಲೆ ಬೋಳಿಸುವಷ್ಟರಲ್ಲಿ
ಕ್ಷೌರಿಕ ಎದ್ದುಹೋದ ಹಾಗೆ.
ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು,
ಇವ ಯಾವನೋ ಬೇರೆ, ನಾನಲ್ಲ, ಎಂದು
ದುಡ್ಡು ಮುಟ್ಟದೆ ಹೋದ.

ಫೋನ್ ಮಾಡಿದೆ.
ಕೈಪಿಡಿ ಓದಿದಿರಾ, ಎಂದ ಒಬ್ಬ.
ಓದಿದ್ದೆ. ನೂರಾ ಎಂಬತ್ತು ಪುಟ.
ನನ್ನ ಕೈಗೆ ಸಿಗುವ ಪಿಡಿ ಅದರಲ್ಲಿ ಇರಲಿಲ್ಲ.
ನನ್ನ ಯಂತ್ರದಲ್ಲಿ ಸರಿಯಿದೆಯಲ್ಲ, ಎಂದ ಮತ್ತೆ.
ನಿನ್ನದರಲ್ಲಿ ಬೊಮ್ಮಯ್ಯನ ಹೆಸರು ಬರೆದು ನೋಡಿದ್ಯಾ ತಮಾ?
ಅವನು ಬರೆಯುವುದು ಇಂಗ್ಲಿಷಿನಲ್ಲಂತೆ.
ಇನ್ನೊಬ್ಬ ಗೌರೀಶ, ಒಳ್ಳೆಯವ,
ಅವತ್ತು ಚಹಾ ಕುಡಿದು ಲೋಟ ತಾನೇ ತೊಳೆದಿಟ್ಟವ.
ಅವನೂ ನಿಟ್ಟುಸಿರಿಟ್ಟ:
ಇದೆಲ್ಲ ನಿದ್ದೆಗೆಟ್ಟು ಪುಕ್ಕಟೆ ಮಾಡುವ ಕೆಲಸ ಅಕ್ಕಾ,
ಒಳಗಿನದೆಲ್ಲ ತೆರೆದೇ ಇದೆ,
ಬೇಕಾದವರು ಬಂದು ಸರಿಮಾಡಲಿ.
ಹೇಳುವುದಕ್ಕೇನು,
ನೀವು ಬರೀ ಬಳಕೆದಾರರು.

ತೆರೆದೇ ಇದೆ. ಹೌದು.
ಸಮುದ್ರವೂ ತೆರೆದೇ ಇದೆ.

ನಮ್ಮ ಗಜನಿಯಲ್ಲಿ ಮಣ್ಣು ಕಡಿದು ಕಟ್ಟೆ ಹಾಕಲು,
ಜಂತ್ರಡಿಯ ಹಲಗೆ ಅಳತೆಗೆ ಕೂರಿಸಲು
ಬರುವುದು ನಾಲ್ಕು ಮಂದಿಗೆ.
ಆದರೆ ಹೋದ ವರ್ಷ ಅಮಾವಾಸ್ಯೆಯ ಭರತ ಏರಿದ ರಾತ್ರಿ
ಏಡಿ ಕೊರೆದ ತೂತಲ್ಲಿ ಉಪ್ಪುನೀರು ಜಿನುಗಿದ್ದನ್ನು
ಮೊದಲು ಕಂಡದ್ದು ಉಚ್ಚೆಗೆಂದು ಎದ್ದ ನಾಗಿ.
ಎಂಟು ವರ್ಷ. ಕೂಗಿಕೊಂಡಳು.
ನಾಲ್ವರೂ ಓಡಿಬಂದರು.
ನಿನ್ನ ಗುದ್ದಲಿ ಎಲ್ಲಿ ಎಂದು
ಒಬ್ಬನೂ ಕೇಳಲಿಲ್ಲ.

ಬಳಕೆದಾರಳು ಎಂದದ್ದಕ್ಕೆ ಸಿಟ್ಟಿಲ್ಲ, ಬಳಸುತ್ತೇನೆ.
ಆ 'ಬರೀ' ಮಾತ್ರ ಹಲ್ಲಿನ ಸಂದಿಯ ಮೀನಮುಳ್ಳು.
ಮಲಗಿದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.
ಬರೀ, ಬರೀ, ಬರಿ...
ಪಾಟಿ ಮುಂದೆ ತಳ್ಳಿ ನಮ್ಮ ಅಕ್ಕೋರು
ಹೀಗೇ ಹೇಳುತ್ತಿದ್ದರಲ್ಲವೇ: ಬರಿ.

ಬರೆದೆ.
ತೀರಿದ ಸಾಲದ ಪುಸ್ತಕದ ಹಿಂಬದಿಯಲ್ಲಿ,
ಎಲ್ಲ ಸದಸ್ಯರ ಹೆಸರು, ಒಂದೊಂದಾಗಿ.
ಯಾವ ಒತ್ತು ನಿಲ್ಲುತ್ತದೆ, ಯಾವುದು ಬೀಳುತ್ತದೆ,
ಯಾವ ಗುಂಡಿ ಒತ್ತಿದ ಮೇಲೆ.
ಅರ್ಕಾವತ್ತು ಗಟ್ಟಿ, ಅಲುಗಿಲ್ಲ.
ಪರದೆಯ ಮೇಲೆ ಎಲ್ಲ ಸರಿ,
ಮುದ್ರಿಸಿದರೆ ಮಾತ್ರ ಹೀಗೆ.
ಪುಟಗಳ ಫೋಟೊ ತೆಗೆದು ಗೌರೀಶನಿಗೆ ಕಳಿಸಿದೆ.

ಎರಡು ದಿನ ಸುದ್ದಿಯಿಲ್ಲ.
ಮೂರನೆಯ ರಾತ್ರಿ, ಹನ್ನೆರಡು ದಾಟಿದ ಮೇಲೆ:
ಮುದ್ರಿಸಿದರೆ ಮಾತ್ರವಾ ಅಕ್ಕಾ?
ಇದನ್ನು ಯಾರೂ ಹೇಳಿರಲೇ ಇಲ್ಲ.
ಯಾರೂ ಕೇಳಿರಲಿಲ್ಲ, ಎಂದು ಬರೆದೆ.
ಅಳಿಸಿದೆ. ಪಾಪ, ನಿದ್ದೆಗೆಟ್ಟಿದ್ದಾನೆ.
ಹೌದು, ಎಂದಷ್ಟೇ ಕಳಿಸಿದೆ.

ಈಗ ಬೊಮ್ಮಯ್ಯನ 'ಮ' ತನ್ನ ಜಾಗದಲ್ಲಿ ಕೂತಿದೆ.
'ಯ' ಇನ್ನೂ ಹೊರಗೇ ನಿಂತಿದೆ,
ಚಪ್ಪಲಿ ಬಿಟ್ಟು, ಮುಂಡಾಸು ಕೈಯಲ್ಲಿ ಹಿಡಿದು,
ಒಳಗೆ ಬಾ ಎನ್ನಲಿ ಎಂದು.